ರಾಂಗ್ ನಂಬರ್

ಉಲಾನ್‌ಬಾತರಿನ ಪೂರ್ವಕ್ಕೆ, ಬಿಡಿಭಾಗದ ಸಂತೆಯ ಬೆನ್ನಿಗೆ,
ಹಡಗಿನ ಕಬ್ಬಿಣದ ಡಬ್ಬಿಯೇ ಗ್ಯಾರೇಜು. ಒಳಗೆ ಕಲ್ಲಿದ್ದಲ ಒಲೆ.
ನನ್ನ ರಷ್ಯನ್ ವ್ಯಾನಿನಲ್ಲಿ, ಎರಡು ಸೀಟುಗಳ ನಡುವೆ,
ಜಪಾನಿನ ಎಂಜಿನ್ನು ಹೊಸ ಸೊಸೆಯಂತೆ ಕೂತಿದೆ,
ಯಾರೊಡನೆಯೂ ಮಾತಿಲ್ಲ.

ನಟ್ಟು ಬೋಲ್ಟು ಬಿಗಿದಾಯಿತು. ಬಗೆಹರಿಯದೆ ಉಳಿದದ್ದು
ತಂತಿಯ ಈ ಜಡೆ; ತುದಿತುದಿಗೆ ಪ್ಲಾಸ್ಟಿಕ್ಕಿನ ಬಾಯಿ.
ಇಪ್ಪತ್ತಮೂರು ಬಾಯಿ. ಎಣಿಸಿದವನು ನಾನು.
ಎಣಿಸುವುದಷ್ಟೇ ನನಗೆ ಕೊಟ್ಟ ಕೆಲಸ.

ಅಲ್ಲಿ ಕಳಚಿದವನು ಯಾರೋ, ಒಂದೊಂದಕ್ಕೂ ಟೇಪು ಸುತ್ತಿ
ತನ್ನ ಲಿಪಿಯಲ್ಲಿ ಹೆಸರು ಬರೆದಿದ್ದಾನೆ, ಪುಣ್ಯಾತ್ಮ.
ನಮ್ಮ ಕಣ್ಣಿಗೆ ಅದು ಹಿಮದ ಮೇಲೆ ನಡೆದ ಹಕ್ಕಿ.

ಓಯುನ್‌ಬಿಲೆಗ್ ಅದರತ್ತ ತಿರುಗಲೂ ಇಲ್ಲ.
ಅರವತ್ತೆರಡರ ಹೆಂಗಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಈ ದಾರ ಆ ತೂತಿಗೆ ಚುಚ್ಚುತ್ತ
ಊರಿಗೆ ಊರು ಕೂಡಿಸಿದವಳು ಹದಿನೆಂಟು ವರ್ಷ.
ಎಕ್ಸ್‌ಚೇಂಜು ಮುಚ್ಚಿತು. ಬೆರಳಿಗೆ ಅದು ಗೊತ್ತಾಗಲಿಲ್ಲ.

"ಬಣ್ಣ ನೋಡಿ ಕುಲ ಹೇಳಬೇಡ," ಎಂದಳು.
"ಕೇಳು: ಯಾರು ಮಾತಾಡೋದು?"

ಹಿತ್ತಾಳೆ ಮೊಳೆಯಂಥ ಒಂದನ್ನು ಬಿಚ್ಚಿ
ಬಾಗಿಲಾಚೆ ಚಳಿಗೆ ಹಿಡಿದಳು: ಮೀಟರಿನಲ್ಲಿ ಹದಿನೆಂಟು ಸಾವಿರ ಓಮ್.
ನನ್ನ ಉಪ್ಪುಚಹಾದ ಬಟ್ಟಲಿಗೆ ಇಳಿಸಿದಳು, ನನ್ನ ಕೇಳದೆ:
ಜಾರಿತು, ಜಾರಿತು, ಮುನ್ನೂರ ಎಂಬತ್ತು.
"ಚಳಿಗೆ ಹಟ, ಬಿಸಿಗೆ ಸಲಿಗೆ. ನೀರಿನ ಕಾವು ಹೇಳುವವನು ಇವನೇ."
ಆ ಚಹಾ ನಾನು ಮುಟ್ಟಲಿಲ್ಲ.
ಅವಳೇ ಕುಡಿದಳು.

ಎಂಜಿನ್ನಿನ ಪಕ್ಕೆಯಲ್ಲಿ ಒಂಟಿ ತಂತಿಯವನೊಬ್ಬ.
ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಳು, ಮೀಟರು ಬೆಚ್ಚಿತು.
"ಎಂಜಿನ್ನು ನೋವಿನಲ್ಲಿ ಬಡಿದುಕೊಂಡರೆ ಕೇಳುವ ಕಿವಿ ಇದು."
ಗಾಳಿಬಾಗಿಲ ಪಕ್ಕದ್ದಕ್ಕೆ ಮೂರು ತಂತಿ;
ಹೆಬ್ಬೆರಳಲ್ಲಿ ಬಾಗಿಲು ತಳ್ಳಿದಂತೆಲ್ಲ
ಅಂಕಿ ಒಂದು ಮೆಟ್ಟಿಲೂ ತಪ್ಪದೆ ಹತ್ತಿತು.

ಬೂದು ಬಣ್ಣದ ಅವಳಿ ಎರಡು ಉಳಿದವು.
ಅದೇ ಅಚ್ಚು, ಅದೇ ಎರಡೆರಡು ಪಿನ್ನು, ಅದೇ ಕ್ಲಿಕ್:
ಕ್ರ್ಯಾಂಕಿನದು ಯಾವುದು, ಕ್ಯಾಮಿನದು ಯಾವುದು?
ಅವಳು ಕಣ್ಣು ಮುಚ್ಚಿ ಚುಚ್ಚಿದಳು.

ಕೀ ತಿರುಗಿಸಿದೆ. ಎಂಜಿನ್ನು ಗೊರಗುಟ್ಟಿತು,
ಒಮ್ಮೆ ಸೀನಿ, ಕಪ್ಪು ಹೊಗೆ ಬಿಟ್ಟು, ಮುನಿಸಿಕೊಂಡಿತು.
ಒಲೆಯ ಕೆಂಡ ಸಿಡಿದದ್ದು ಕೇಳುವಷ್ಟು ಮೌನ.
"ರಾಂಗ್ ನಂಬರ್," ಎಂದಳು,
ಎಂಜಿನ್ನೇ ತಪ್ಪು ತಿರುಗಿಸಿದೆ ಎಂಬಂತೆ.
ಕಿತ್ತು, ಅದಲು ಬದಲು ಮಾಡಿದಳು.

ಹಿಡಿದುಕೊಂಡಿತು!
ಡಬ್ಬಿಯ ಗೋಡೆಗಳು ನಡುಗಿದವು, ಮೊಳೆಗೆ ತೂಗಿದ್ದ ಟೋಪಿ ಬಿತ್ತು.
ಅವಳು ಟೋಪಿ ಎತ್ತಲು ಬಗ್ಗಿದಾಗ ಕಂಡದ್ದು
ಇಪ್ಪತ್ತಮೂರನೆಯದು. ಮೂರು ತಂತಿ, ಕಪ್ಪು ಬಾಯಿ,
ಯಾರ ಬಾಯಿಗೂ ಸೇರದ್ದು.
ಎಂಜಿನ್ನೆಲ್ಲ ತಡಕಿದೆವು. ಇಲ್ಲ.
"ನಮ್ಮ ಬೋರ್ಡಿನಲ್ಲೂ ಒಂದಿತ್ತು," ಎಂದಳು,
"ರಾತ್ರಿ ದೀಪ ಹತ್ತೋದು. ಎತ್ತಿದರೆ ಆಚೆ ಬರೀ ಗಾಳಿ."
ಅದಕ್ಕೆ ಟೇಪು ಸುತ್ತಿ ಮೇಲಕ್ಕೆ ಕಟ್ಟಿದಳು.
ಕೂಲಿ ತೆಗೆದುಕೊಂಡಳು, ಚೌಕಾಸಿಗೆ ಎಡೆಯಿರಲಿಲ್ಲ.

ಬಗನೂರಿನ ಗಣಿ ದಾಟಿದ ಮೇಲೆ ಹೊಳೆಯಿತು ನನಗೆ.
ಗೇರ್ ಪೆಟ್ಟಿಗೆ ಹಳೆಯ ರಷ್ಯನ್ನೇ ತಾನೆ.
ಆ ಮೂರು ತಂತಿ ಹುಡುಕುತ್ತಿದ್ದದ್ದು ವೇಗ ಎಣಿಸುವವನನ್ನು;
ಅವನು ಜಪಾನಿನ ಗುಜರಿಯಲ್ಲೇ ಉಳಿದ.
ಫೋನು ಮಾಡಿದೆ. ಸಿಗ್ನಲ್ ಇಲ್ಲ.

ಹಿಂದೆ ಹನ್ನೊಂದು ಚೀಲ ಹಿಟ್ಟು, ನಿದ್ದೆಹೋದ ಇಬ್ಬರು ಮೇಷ್ಟ್ರು.
ಸೀಟಿನಡಿಯ ಕಂಪ್ಯೂಟರು ಪೆಟ್ಟಿಗೆಗೆ
ನೀರಿನ ಕಾವು ಗೊತ್ತು, ಗಾಳಿಯ ತೂಕ ಗೊತ್ತು,
ನನ್ನ ಪಾದ ಎಷ್ಟು ಒತ್ತಿದೆ ಎಂಬುದೂ ಗೊತ್ತು.
ನೂರಾ ಎಂಬತ್ತು ಕಿಲೋಮೀಟರು ಬಂದರೂ
ಗಾಡಿ ಇನ್ನೂ ಗ್ಯಾರೇಜಿನಲ್ಲೇ ನಿಂತಿದೆ ಎಂದು
ಅದರ ನಂಬಿಕೆ.
ಹೇಳಲು ಯಾರೂ ಇಲ್ಲ.
ನಾನೂ ಹೇಳಲಿಲ್ಲ.