ಅದ ಜಾಗಾ

ಮತ್ತ ಬಂದೈತಿ.
ಮೂಗಿನ ತುದಿಯಿಂದ ಒಂದು ಎಳ್ಳಿನಷ್ಟು ಎಡಕ್ಕ,
ಹ್ವಾದ ತಿಂಗಳ ಬಂದು ಕುಂತು ಎದ್ದುಹೋದ
ಅದ ಜಾಗಾಕ್ಕ.
ಬಾಡಗಿ ಕೊಡಲಾರದ ಮನಿ ಬಿಟ್ಟಾಂವ
ಕೀಲಿಕೈ ಒಯ್ದಿದ್ದನೇನೊ.

ಮಾರಿ ತೊಳಿಯೂ ಮುಂದ ಬೆರಳಿಗೆ ಮೊದಲ ಗೊತ್ತು,
ಕನ್ನಡಿಗೆ ಆಮ್ಯಾಲ.
ಒಳಗಿಂದೊಳಗ ಒಂದು ನಡುಕ,
ಕಬ್ಬಿನ ಲಾರಿ ಸಂದ್ಯಾಗ ಹೊಳ್ಳಿದಾಗ
ಗ್ವಾಡಿ ನಡುಗತೈತಲ್ಲ, ಹಂಗ.

ಮಹಾಲಿಂಗಪುರದಾಗ ಮೂಗಿಗೆ ವೈದ್ಯರೇನು ಕಡಿಮಿಲ್ಲ.
ಅವ್ವ ಅಂತಾಳ, ಶೇಂಗಾ ಹೋಳಿಗಿ ಬಿಡು, ಹೀಟು.
ಬೆಲ್ಲದ ಪ್ಯಾಟ್ಯಾಗಿನ ಹಮಾಲ ಲಾಲಸಾಬ ಅಂತಾನ,
ಸುಣ್ಣಾ ಬೆಲ್ಲಾ ಕಲಸಿ ಹಚ್ಚು, ಸಂಜೀಕ ಬಾಯಿ ಬಿಡತೈತಿ.
ಹಚ್ಚಿದೆ.
ಬಾಯಿ ಬಿಟ್ಟಾಂವ ನಾನು.
ಬೇವು ಅರದೆ, ಜಾಜಿಕಾಯಿ ತೇಯ್ದೆ,
ಹಲ್ಲಿನ ಪೇಸ್ಟ್ ಬಳಕೊಂಡು ಮಲಗಿ
ಮುಂಜಾನೆ ಹಂಗ ಬಾಗಿಲಾ ತಗದರ
ಹಾಲಿನಾಂವ ಅರ್ಧಾ ಲೀಟರ್ ಹೊರಗ ಸುರದ.
ಓಣ್ಯಾಗಿನ ಪೋರಗೋಳು ಕೇಳತಾವ,
ಯಾರನ್ನ ನೆನಸೀದಿ ಕಾಕಾ?
ನಲವತ್ತಮೂರು ವರ್ಷದ ಮೂಗಿಗೆ
ಯಾರ ನೆನಪು ಬರಬೇಕ್ರಪ.

ನನ್ನ ಕಸಬು ಕೇಳಿದರ ನೀವೂ ನಗತೀರಿ.
ಬಸ್ ಸ್ಟ್ಯಾಂಡಿನ ಎದರಿಗೆ, ಚುರಮುರಿ ಅಂಗಡಿ ಮ್ಯಾಲ
ಫೋಟೊ ಸ್ಟುಡಿಯೊ.
ಊರ ಮಂದಿ ಮೊಡವಿ ತಗಿಯಾಂವ ನಾನ.
ವರಾ ಕನ್ಯಾ, ಹಾಲ್ ಟಿಕೀಟು,
ಪಂಚಾಯ್ತಿಗೆ ನಿಂತವರ ಬ್ಯಾನರು.
ಬಾಜೂಕಿನ ಚಲೋ ಚರ್ಮ ಒಂದೀಟು ಎತ್ತಿ
ಗುಳ್ಳಿ ಮ್ಯಾಲ ಇಟ್ಟು ಮೌಸ್ ಒತ್ತಿದರ ಮುಗೀತು,
ಮಾರಿಗೊಂದು ಎರಡ ನಿಮಿಷ.
ಒಂದು ಮದವಿ ಸೀಜನ್ನಿಗೆ
ಸೇರು ತುಂಬ ಗುಳ್ಳಿ ತಗದಿರಬೇಕು.
ಅವೆಲ್ಲ ಎಲ್ಲಿ ಹೋಗತಾವು
ಅಂತ ಒಂದೊಂದ ಸಲ
ನನ್ನ ಮೂಗು ನಾನ ಮುಟ್ಟಿ ನೋಡಕೋತೀನಿ.

ಜಮಖಂಡಿ ಡಾಕ್ಟರಬಾಯಿ ಟಾರ್ಚ್ ಹಿಡದು ಕೇಳಿದಳು,
ಕ್ಯಾಮೆರಾ ಕಣ್ಣಿಗೆ ಹಿಡದಾಗ ಮೂಗು ಎಲ್ಲಿರತೈತಿ?
ಇಪ್ಪತ್ತು ವರ್ಷ ಮಂದಿಗೆ ಗದ್ದ ಎತ್ತರಿ, ಇತ್ಲಾಗ ನೋಡರಿ ಅಂದಾಂವ
ಇದನ್ನ ನೋಡೇ ಇರಲಿಲ್ಲ.
ಕ್ಯಾಮೆರಾದ ಬೆನ್ನಿಗೆ ಒತ್ತಿರತೈತಿ ಮೂಗು,
ಬೆವರು, ಧೂಳು, ಮಂದೀ ಮದವಿ ಅಕ್ಕಿಕಾಳಿನ ಅರಿಷಿಣ,
ಎಲ್ಲಾ ಅಲ್ಲೇ.
ಅದನ್ನ ಒರಸು. ಮುಟ್ಟಬ್ಯಾಡ. ಹಿಚಕಬ್ಯಾಡ.
ರಾತ್ರಿ ಮುಲಾಮು, ಕಡ್ಲಿಕಾಳಿನಷ್ಟ.
ಮುನ್ನೂರು ರೂಪಾಯಿ.
ಮುಟ್ಟಬ್ಯಾಡ ಅನ್ನೂದನ್ನ ಅವ್ವ ಪುಕ್ಕಟ ಹೇಳಿದ್ದಳು.
ಮುಟ್ಟಬ್ಯಾಡ ಅಂದಮ್ಯಾಲ
ಕೈಗೆ ಬ್ಯಾರೆ ದಗದಾನ ನೆನಪಾಗವಲ್ದು.

ಮೊನ್ನಿ ಬುಧವಾರ ಮಗ್ಗದ ಕಾಡಪ್ಪ ಬಂದ,
ಕಿಸೇದಾಗ ನಡುವ ಮಡಚಿದ್ದೊಂದು ಹಳೇ ಫೋಟೊ.
ನಮ್ಮ ದೊಡ್ಡವ್ವ, ದುಂಡವ್ವ.
ಸೋಮವಾರ ಕಾರ್ಯ ಐತಿ, ದೊಡ್ಡದ ಮಾಡಿ ಕಟ್ಟು ಹಾಕಿಸಿ ಕೊಡು.
ಮಡಿಕಿ ತಗದೆ, ಕಲಿ ತಗದೆ,
ಸೆರಗಿನ ಬಣ್ಣಾ ಎಬ್ಬಿಸಿದೆ.
ನತ್ತಿನ ಬಾಜೂಕ ಮೂಗಿನ ಮ್ಯಾಲೊಂದು ಗುಳ್ಳಿ ಇತ್ತು,
ರೂಢಿ ಪ್ರಕಾರ ಅದನ್ನೂ.

ಸಂಜೀಕ ಬಂದು ಭಾಳ ಹೊತ್ತು ನೋಡಿದ.
ಚಲೋ ಆಗೇತಿ, ಅಂದ. ರೊಕ್ಕಾ ತಗೀಲಿಲ್ಲ.
ಖರೆ, ಇಕಿ ಯಾರು?

ಸಿಟ್ಟು ಬಂದರ ಮೊದಲ ಕೆಂಪಾಗೂದ ಅದು, ಅಂದ.
ನಾವು ಸಣ್ಣಾವರು ಆಕಿ ಮಾರಿ ನೋಡತಿರಲಿಲ್ಲ,
ಅದನ್ನ ನೋಡಿ ಓಡತಿದ್ದಿವಿ.
ಬಂತು ಹೋತು, ಬಂತು ಹೋತು,
ಕಡೀಕ ಅಲ್ಲೇ ಉಳೀತು.
ಹೊಳ್ಳಿ ಇಡು.

ಇಡೂದು ತಗದಷ್ಟು ಹಗರಲ್ಲ.
ಹಳೇ ಫೋಟೊದಾಗಿಂದ ಹುಡುಕಿ ಎತ್ತಿ ತಂದೆ,
ಕಾಡಪ್ಪ ಹಿಂದ ನಿಂತು ಹೇಳಾಕಹತ್ತಿದ,
ಒಂದೀಟು ಎಡಕ್ಕ. ಇನ್ನಾ ಕೆಳಗ.
ಅಷ್ಟು ಕರಿ ಇರಲಿಲ್ಲ.
ಹಾಂ, ಅಲ್ಲೆ.

ಅಂದಾಂವ ಒಂದು ಹೆಜ್ಜಿ
ಹಿಂದಕ್ಕ ಸರದ.

ರಾತ್ರಿ ಮುಲಾಮು ಹಚ್ಚಿದೆ,
ಮುನ್ನೂರು ರೂಪಾಯಿ ಕೊಟ್ಟಾಂವ ಹಚ್ಚಲಾರದ ಬಿಡತೀನೇನು.
ಕ್ಯಾಮೆರಾ ತಗದು ಬೆನ್ನು ನೋಡಿದೆ,
ಗಾಜಿನ ಮ್ಯಾಲ ಮಂಜ ಮಂಜಾಗಿ
ನನ್ನ ಮೂಗಿನ ಗುರುತು.
ಅರಿವಿಲೆ ಒರಸಿದೆ. ಹೋತು.
ನಾಳೆ ರಬಕವಿಯಾಗ ಮದವಿ ಐತಿ,
ಹತ್ತೂವರಿ ಅನ್ನೂದರಾಗ ಮತ್ತ ಬೀಳತೈತಿ.