ಮಸೆಗಲ್ಲು

ಬೆಳಿಗ್ಗೆ ಕಡಂಗದಲ್ಲಿದ್ದೆವು.
ಶುಂಠಿ ಪಾತಿಗೆಂದು ಜೆಸಿಬಿ ಬಗೆದ ದಂಡೆಯಲ್ಲಿ
ಮಡಕೆಯ ಕಂಠ ಒಂದು, ಕರಿಮಣಿ ಎರಡು,
ಬಾಣದ ಮೊನೆಯೋ ಗುದ್ದಲಿಯ ಚೂರೋ ತಿಳಿಯದ ತುಕ್ಕು.
ಎಲ್ಲಕ್ಕೂ ಚೀಟಿ ಬರೆದೆ.
ತುಕ್ಕಿನ ಚೀಟಿಗೆ ಬರೀ ಪ್ರಶ್ನಾರ್ಥಕ.

ಮಧ್ಯಾಹ್ನ ಶನಿವಾರಸಂತೆ. ಒಣಮೀನಿನ ಸಾಲಿನ ಕೊನೆಗೆ
ಆಯಿಷುಮ್ಮ ಕೂತ ಕಲ್ಲು.
‘ಏಳಮ್ಮ ಸ್ವಲ್ಪ’ ಅಂದರು ಇಲಾಖೆಯ ಮರುಳಪ್ಪನವರು.
‘ಗಿರಾಕಿ ನಿಂತವ್ರಲ್ಲ?’

ತಕ್ಕಡಿ ಎತ್ತಿ, ಬುಟ್ಟಿ ಸರಿಸಿ, ಉಪ್ಪು ತೊಳೆದರೆ
ಇಷ್ಟು ವರ್ಷ ಆಕೆ ಕೂತಿದ್ದು ಕೈಲಾಸದ ಮೇಲೆ:
ಲಿಂಗ, ಬಸವ, ಕೈಮುಗಿದ ಒಬ್ಬ.
ಕಾಳಗವೆಲ್ಲ ಮಣ್ಣೊಳಗೆ.

ಮೊಣಕಾಲುದ್ದ ಅಗೆದೆವು.
ಚಾಮರದ ಹೆಂಗಸರು. ಆಮೇಲೆ ಬಿಲ್ಲು. ಆಮೇಲೆ
ಓಡುವ ದನದ ಬಾಲ.
ಕೆಳಪಟ್ಟಿಯಲ್ಲಿ ಅಕ್ಷರ, ಸುಣ್ಣ ಸವರಿದಾಗ ಎದ್ದು ಬಂತು:
ತುಱುವಂ ಮಗುೞ್ಚಿ ಸತ್ತಂ.

ದನ ಬಿಡಿಸಿ ತಂದು ಸತ್ತವನು ಯಾರು?
ಮೇಲ್ಪಟ್ಟಿಗೆ ಬೆರಳಾಡಿಸಿದೆ.
ಹೆಸರಿರಬೇಕಾದಲ್ಲಿ ಅಂಗೈಯಷ್ಟು ನುಣುಪು ಹಳ್ಳ,
ಅದರಲ್ಲಿ ಮಿನುಗುವ ಒಂದು ಮೀನಿನ ಪೊರೆ.

‘ಅಲ್ಲೇ ಕತ್ತಿ ಮಸೆಯೋದು ನಾನು.
ನಮ್ಮ ಉಮ್ಮನೂ ಅಲ್ಲೇ.’

ಮರುಳಪ್ಪನವರು ಬಯ್ಯಲಿಲ್ಲ.
ಟೇಪಿನ ತುದಿ ಸುತ್ತಿಕೊಳ್ಳುತ್ತ,
‘ಹೆಸರು: ಸವೆದಿದೆ. ಬರ್ಕೋ’ ಅಂದರು.

ಕಲ್ಲನ್ನು ಜೀಪಿಗೆ ಏರಿಸುವಾಗ
ಆಕೆ ಕತ್ತಿ ಹಿಡಿದೇ ನಿಂತಿದ್ದಳು:
‘ಮುಂದಿನ ವಾರ
ನಾನೆಲ್ಲಿ ಮಸೀಲಿ?’