ಒಂದು ಹಾಳೆ ಕಮ್ಮಿ

ಲಿಂಗರಾಜಪುರದಿಂದ ಎರಡು ಬಸ್ಸು ಬದಲಿಸಿ
ಐರೀನ್ ಟೀಚರು ಬಂದರು ಕಬ್ಬನ್‌ಪೇಟೆಯ ನಮ್ಮ ಓಣಿಗೆ,
ಕಂಕುಳಲ್ಲಿ ಡಿಕ್ಷನರಿ,
ಹಳೇ ಟವೆಲ್ಲಿನಲ್ಲಿ ಕಟ್ಟಿದ್ದು.
ಬೆನ್ನು ಮುರಿದಿತ್ತು. ರಟ್ಟು ಬಾಯಿ ಬಿಟ್ಟಿತ್ತು.
"ಎಷ್ಟಾಗತ್ತೆ ಬನಶಂಕರಿ?"
"ಮುನ್ನೂರೈವತ್ತು. ಕ್ಯಾಲಿಕೋ ಬೇಕಂದ್ರೆ ನಾನೂರು."
"ಕ್ಯಾಲಿಕೋನೇ ಹಾಕು. ನನಗಿಂತ ಜಾಸ್ತಿ ದಿನ ಇರಬೇಕು ಅದು."

ಬಿಚ್ಚಿದೆ. ಹಳೇ ಅಂಟು ಕೆರೆದೆ.
ಹದಿನಾರು ಹದಿನಾರು ಪುಟದ ಮಡಿಕೆ ಎಣಿಸಿದೆ.
ಒಂದು ಹಾಳೆ ಕಮ್ಮಿ.
ಇತ್ತ ಕಡೆ ಪಾಕೆಟ್, ಅತ್ತ ಕಡೆ ಪಾಯ್ಸನ್,
ನಡುವೆ ಇದ್ದಿದ್ದನ್ನ ಹುಳ ತಿಂದಿತ್ತು.
"ಏನಿತ್ತು ಟೀಚರ್ ಇಲ್ಲಿ, ಜೇಬಿಗೂ ವಿಷಕ್ಕೂ ಮಧ್ಯ?"
ಅವರು ನಕ್ಕ ರಭಸಕ್ಕೆ ಕಟ್ಟಿಸಿಕೊಂಡ ಹಲ್ಲು ಅಲ್ಲಾಡಿತು.
"ಪೊಯೆಟ್. ಕವಿ."

ಹೊಲಿಗೆ ಮುಗಿಯೋ ತನಕ ಕೂತಿರ್ತೀನಿ ಅಂದರು, ಸ್ಟೂಲೆಳೆದು.
ಮೂವತ್ತೆಂಟು ವರ್ಷ ಪಾಠ ಮಾಡಿದ ಗಂಟಲು
ಸುಮ್ಮನೆ ಕೂರುತ್ತದಾ?

ಪೊಯೆಟ್ ಅಂದ್ರೆ ಗ್ರೀಕರ ಬಾಯಲ್ಲಿ
ಮಾಡುವವನು, ಅಷ್ಟೇ.
ಏನು ಮಾಡುವವನು?
ಏನಾದರೂ. ಮಡಕೆ, ಮಂಚ, ಮಾತು.
ಇದನ್ನ ನನ್ನ ಗಂಡನಿಗೆ ಹೇಳಬೇಕು,
ಏನೂ ಮಾಡದೆ ಕವಿ ಅನ್ನಿಸಿಕೊಂಡಿದ್ದಾನೆ ಟೀ ಅಂಗಡಿಯಲ್ಲಿ.

ವರ್ಸ್ ಅಂದರೆ, ನೇಗಿಲು ಹೊಲದ ಅಂಚು ಮುಟ್ಟಿ ತಿರುಗೋದು.
ನಮ್ಮಲ್ಲೂ ಸಾಲು ಸಾಲೇ ಅಲ್ವಾ ಟೀಚರ್,
ರಾಗಿ ಬಿತ್ತೋದೂ ಅದರಲ್ಲೇ, ಬರೆಯೋದೂ ಅದರಲ್ಲೇ.
ಕನ್ನಡಕ ತೆಗೆದು ನನ್ನ ನೋಡಿದರು,
ಹಿಂದಿನ ಬೆಂಚಿನಿಂದ ಕೈಯೆತ್ತಿದ ಹುಡುಗಿಯನ್ನು
ನೋಡುವ ಹಾಗೆ.

ಸ್ಟ್ಯಾಂಜಾ ಅಂದರೆ ಇಟಲಿಯಲ್ಲಿ ರೂಮು.
ಹಾಗಾದರೆ ನಮ್ಮ ಮೇಲುಗಡೆ ಖಾಲಿಯಿದೆ ಒಂದು ಸ್ಟ್ಯಾಂಜಾ,
ಹತ್ತು ಬೈ ಎಂಟು, ನೀರು ದಿನ ಬಿಟ್ಟು ದಿನ,
ಅಡ್ವಾನ್ಸು ಐವತ್ತು ಸಾವಿರ,
ಗೋಡೆಗೆ ಮೊಳೆ ಹೊಡೆಯಕೂಡದು.
"ಅಂಥಾ ಪದ್ಯ ಬೇಕಾದಷ್ಟು ಪಾಠ ಮಾಡಿದ್ದೀನಿ," ಅಂದರು.

ಆಂಥಾಲಜಿ, ಹೂ ಆಯ್ದು ಕೂಡಿಸಿದ್ದು.
ಮಾರ್ಕೆಟ್ಟಿನ ಗೌರಕ್ಕ
ಬೆಳಿಗ್ಗೆ ನಾಲ್ಕಕ್ಕೆ ಬಾಳೆನಾರಿಗೆ ಮೊಗ್ಗು ಸುತ್ತಿ
ಮೊಳಕ್ಕಿಷ್ಟು ಅಂತ ಮಾರುವುದು ಅದನ್ನೇ,
ಸಂಜೆಗೆ ಬಾಡುವ ಪ್ರತಿಗಳು.

ಕರೆಂಟು ಹೋಯಿತು.
ಬಾಗಿಲ ಬೆಳಕಿಗೆ ಸೂಜಿ ಹಿಡಿದೆ.
ರಾಪ್ಸೊಡಿ, ಅಂದರು ಮೆಲ್ಲಗೆ. ಹಾಡು ಹೊಲಿಯೋದು.
ಯಾರೋ ಊರೂರು ತಿರುಗುತ್ತಾ ಒಂದಕ್ಕೊಂದು ಹೊಲಿದು ಹಾಡ್ತಿದ್ರಂತೆ.

ನನ್ನ ಕೈ ನಿಂತಿತು.
ಈ ಸ್ಟೂಲಿರುವ ಜಾಗದಲ್ಲೇ ಅಪ್ಪನ ಮಗ್ಗದ ಗುಂಡಿಯಿತ್ತು,
ಮುಚ್ಚಿ ಸಿಮೆಂಟು ಬಳಿಸಿದವಳು ನಾನು.
ಲಾಳಿ ಎಸೆಯುತ್ತಾ ಏನೋ ಗೊಣಗುತ್ತಿದ್ದ,
ಪದವೋ, ಎಳೆಯ ಎಣಿಕೆಯೋ, ಬೈಗುಳವೋ.
ಕೇಳಿಸಿಕೊಳ್ಳಲಿಲ್ಲ.

"ನಿಮ್ಮ ಭಾಷೇಲಿ ಒಂದೊಂದಕ್ಕೂ ಒಂದೊಂದು ಮಾತು ಟೀಚರ್,
ನಮಗೆ ಒಂದರಲ್ಲೇ ಸಂಸಾರ ನಡೆದುಹೋಗತ್ತೆ.
ಹೂ ಕಟ್ಟು, ಮನೆ ಕಟ್ಟು, ಪದ ಕಟ್ಟು, ಬಾಡಿಗೆ ಕಟ್ಟು,
ಸತ್ತವರಿಗೆ ಚಟ್ಟ ಕಟ್ಟು,
ಪುಸ್ತಕ ಕಟ್ಟು."

"ಇಂಗ್ಲಿಷು ನನ್ನ ಭಾಷೆ ಅಂತ ಯಾರು ಹೇಳಿದ್ರು?
ನಮ್ಮಜ್ಜಿ ತೆಲುಗಲ್ಲಿ ಅಳ್ತಿದ್ದಳು,
ಕನ್ನಡದಲ್ಲಿ ಚೌಕಾಸಿ ಮಾಡ್ತಿದ್ದಳು.
ಇಂಗ್ಲಿಷಲ್ಲಿ ನನಗೆ ಬಂದಿದ್ದು
ಸಂಬಳ."

ಕಳೆದ ಹಾಳೆಯ ಜಾಗಕ್ಕೆ ಇನ್ನೊಂದು ಸೇರಿಸಿದೆ,
ಮಗಳ ನೋಟ್‌ಬುಕ್ಕಿನದು, ಗೆರೆ ಹಾಕಿದ್ದು.
ಏನಾದರೂ ಬರೀತೀರಾ ಇದರಲ್ಲಿ?
ಬೇಡ. ಜೇಬು ಮುಗಿದು ವಿಷ ಶುರುವಾಗೋ ಮುಂಚೆ
ಸ್ವಲ್ಪ ಜಾಗ ಇರಲಿ.

ಗಂಟು ಹಾಕಿದೆ. ಹಲ್ಲಲ್ಲಿ ದಾರ ಕಡಿದೆ.
"ಈ ಕಡಿಯೋದಕ್ಕೂ ಒಂದು ಪದ ಇದೆ," ಅಂದರು.
ನಾನು ಕೇಳಲಿಲ್ಲ.
ಮೈದಾ ಅಂಟು ಕಲೆಸೋಕೆ ಎದ್ದೆ.